ಗೇಮ್ ಉದ್ಯಮದ ಅಲ್ಲೋಲಕಲ್ಲೋಲದ ವರ್ಷ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಡಿಯೊ ಗೇಮ್ ಉದ್ಯಮದಲ್ಲಿ 2025ನೇ ಇಸವಿಯುದ್ದಕ್ಕೂ ಆದ ಬದಲಾವಣೆಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕೆಲವು ಪತ್ರಗಳಲ್ಲಿ ಮನೆಯ ಸಂಕಟದ ವಿಷಯಗಳಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಗೇಮ್ ತಯಾರಿಸುವ ಕೆಲಸಕ್ಕೇ ಹೋಗಬೇಕೆಂಬುದು ನನ್ನ ಆಸೆ. ಖಾಸಗಿ ಸಂಸ್ಥೆಯೊಂದು ಲಕ್ಷಗಟ್ಟಲೆ ಶುಲ್ಕದ ಕೋರ್ಸಿಗೆ ಕರೆಯುತ್ತಿದ್ದು, ಅಪ್ಪ ಹೊಲದ ಮೇಲೆ ಸಾಲ ತೆಗೆಯಲು ಸಿದ್ಧರಿದ್ದಾರೆ. ಆದರೆ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಕೆಲಸದಿಂದ ತೆಗೆಯುತ್ತಿರುವ ಸುದ್ದಿ ಓದಿ ಭಯವಾಗುತ್ತಿದೆ. ಈ ಉದ್ಯಮ ಮುಳುಗುತ್ತಿದೆಯೇ?

ಉತ್ತರ: ಮೊದಲು ಸಾಲದ ಮಾತು. ಆ ಕೋರ್ಸಿಗಾಗಿ ಹೊಲವನ್ನು ಅಡವಿಡುವುದು ಖಂಡಿತ ಬೇಡ. ಅದಕ್ಕೆ ಕಾರಣ ಹೇಳುವ ಮುನ್ನ ಈ ಉದ್ಯೋಗನಷ್ಟ ಎಲ್ಲಿಂದ ಬಂತೆಂಬುದನ್ನು ನೋಡೋಣ.

2020 ಮತ್ತು 2021ರಲ್ಲಿ ಕೋವಿಡ್ ಕಾರಣಕ್ಕೆ ಜನ ಮನೆಯಲ್ಲೇ ಉಳಿದಾಗ ಆಟಗಳ ಮಾರಾಟ ಒಮ್ಮೆಲೇ ಏರಿತು. ಆಗ ಅಮೆರಿಕದಲ್ಲೂ ಯುರೋಪಿನಲ್ಲೂ ಬಡ್ಡಿದರ ಸೊನ್ನೆಯ ಆಸುಪಾಸಿನಲ್ಲಿತ್ತು. ಏರಿಕೆ ಹೀಗೇ ಮುಂದುವರಿಯುತ್ತದೆಂದು ನಂಬಿದ ದೊಡ್ಡ ಕಂಪನಿಗಳು ಸಾಲ ಎತ್ತಿ ಸಣ್ಣ ಸ್ಟುಡಿಯೊಗಳನ್ನು ಕೊಂಡುಕೊಂಡವು, ಸಾವಿರಾರು ಜನರನ್ನು ಸೇರಿಸಿಕೊಂಡವು. ಒಂದು ವರ್ಷ ಮೆಣಸಿನಕಾಯಿಗೆ ಒಳ್ಳೆಯ ರೇಟು ಬಂತೆಂದು ಮರುವರ್ಷ ಎಲ್ಲರೂ ಮೆಣಸಿನಕಾಯಿಯನ್ನೇ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ತಂದೆಯವರು ಚೆನ್ನಾಗಿ ಬಲ್ಲರು. 2022ರಿಂದ ಬಡ್ಡಿ ಏರಿತು, ಜನ ಹೊರಗಿನ ಬದುಕಿಗೆ ಮರಳಿದರು, ಆದರೆ ಕಂಪನಿಗಳ ಸಂಬಳದ ಪಟ್ಟಿಯೂ ಸಾಲದ ಕಂತೂ ಹಾಗೆಯೇ ಉಳಿದವು.

ಇದರ ಜೊತೆಗೆ ಒಂದೊಂದು ಆಟದ ತಯಾರಿಕೆಯ ವೆಚ್ಚ ಮಿತಿಮೀರಿ ಬೆಳೆದಿತ್ತು. ಕಂಪನಿಗಳು ಈ ಅಂಕಿಗಳನ್ನು ಗುಟ್ಟಾಗಿಡುತ್ತವೆ. ಆದರೆ 2023ರಲ್ಲಿ ಒಮ್ಮೆ ಗುಟ್ಟು ಹೊರಬಿತ್ತು. ಮೈಕ್ರೋಸಾಫ್ಟ್ ಕಂಪನಿಯು ಆಕ್ಟಿವಿಷನ್ ಬ್ಲಿಜರ್ಡ್ ಎಂಬ ಗೇಮ್ ಕಂಪನಿಯನ್ನು 6,870 ಕೋಟಿ ಡಾಲರಿಗೆ ಕೊಳ್ಳುವ ವಿಚಾರ ಅಮೆರಿಕದ ನ್ಯಾಯಾಲಯದಲ್ಲಿದ್ದಾಗ, ಮೈಕ್ರೋಸಾಫ್ಟಿನ ಪ್ರತಿಸ್ಪರ್ಧಿ ಸೋನಿ ಕಡೆಯಿಂದ ಬಂದ ದಾಖಲೆಯಲ್ಲಿ ಕೆಲವು ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆಯಲಾಗಿತ್ತು. ಕಾಗದವನ್ನು ಸ್ಕ್ಯಾನ್ ಮಾಡಿದಾಗ ಮಸಿಯ ಅಡಿಯ ಅಕ್ಷರಗಳು ಓದುವಷ್ಟು ಸ್ಪಷ್ಟವಾಗಿ ಕಾಣಿಸಿಕೊಂಡವು: ಸೋನಿಯ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟಕ್ಕೆ ತಗುಲಿದ ವೆಚ್ಚ ಸುಮಾರು 22 ಕೋಟಿ ಡಾಲರ್. ಇಷ್ಟು ಹಣ ಸುರಿದ ಮೇಲೆ ಒಂದು ಆಟ ಸೋತರೂ ಸ್ಟುಡಿಯೊ ಉಳಿಯುವುದು ಕಷ್ಟ. ಸೋನಿಯದೇ ‘ಕಾಂಕಾರ್ಡ್’ ಎಂಬ ಆಟ 2024ರ ಆಗಸ್ಟ್ 23ರಂದು ಬಿಡುಗಡೆಯಾಗಿ ಸೆಪ್ಟೆಂಬರ್ 6ರಂದು ಸ್ಥಗಿತಗೊಂಡಿತು. ಅದನ್ನು ತಯಾರಿಸಿದ ಸ್ಟುಡಿಯೊವನ್ನೂ ಅಕ್ಟೋಬರ್ ತಿಂಗಳಲ್ಲಿ ಮುಚ್ಚಲಾಯಿತು.

2025ರಲ್ಲಿ ಇದೇ ಸರಪಳಿ ಮುಂದುವರಿಯಿತು. ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಎಲ್ಲ ವಿಭಾಗಗಳಿಂದ ಸುಮಾರು 9,000 ಜನರನ್ನು ತೆಗೆಯುವುದಾಗಿ ಹೇಳಿತು; ‘ಪರ್ಫೆಕ್ಟ್ ಡಾರ್ಕ್’, ‘ಎವರ್‌ವೈಲ್ಡ್’ ಎಂಬ ಎರಡು ಆಟಗಳನ್ನು ಅರ್ಧದಲ್ಲೇ ಕೈಬಿಟ್ಟಿತು. ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಗೇಮ್ ಕಂಪನಿಯನ್ನು ಸೌದಿ ಅರೇಬಿಯದ ಸರ್ಕಾರಿ ಹೂಡಿಕೆ ನಿಧಿ ಮತ್ತು ಅದರ ಜೊತೆಗಾರರು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ಅದರಲ್ಲಿ 2,000 ಕೋಟಿ ಡಾಲರ್ ಸಾಲ. ಇಂಥ ಸಾಲದ ಹೊರೆ ಕೊನೆಗೆ ಕೆಲಸಗಾರರ ತಲೆಯ ಮೇಲೆಯೇ ಬರುತ್ತದೆ ಎಂಬ ಆತಂಕ ನನಗಿದೆ.

ಆದರೂ ಅದೇ ವರ್ಷದ ಇನ್ನೊಂದು ಸಂಗತಿಯನ್ನು ನೀವು ತಿಳಿಯಲೇಬೇಕು. ಡಿಸೆಂಬರಿನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಆಟವೆಂಬ ಗೌರವ ಪಡೆದ ‘ಕ್ಲೇರ್ ಅಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಫ್ರಾನ್ಸಿನ ಮೊಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಎಂಬ ಹೊಸ ಸ್ಟುಡಿಯೊದ ಮೊದಲ ಆಟ. ಅದರ ಮುಖ್ಯ ತಂಡದಲ್ಲಿದ್ದವರು ಮೂವತ್ತರ ಆಸುಪಾಸು ಜನ. ಹೊರಗಿನ ಅನಿಮೇಟರುಗಳು, ಪರೀಕ್ಷಕರು, ಕಂಠದಾನ ಮಾಡಿದವರು, ಸಂಗೀತಗಾರರು ಸೇರಿದರೆ ಈ ಸಂಖ್ಯೆ ಬಹಳ ದೊಡ್ಡದಾಗುತ್ತದೆ. ಆದ್ದರಿಂದ ಮೂವತ್ತು ಜನರೇ ಎಲ್ಲವನ್ನೂ ಮಾಡಿದರೆಂಬ ಮಾತನ್ನು ಪೂರ್ತಿ ನಂಬಬೇಡಿ. ಸೆಪ್ಟೆಂಬರ್ 4ರಂದು ಬಂದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಆಸ್ಟ್ರೇಲಿಯದ ಅಡಿಲೇಡಿನ ಬೆರಳೆಣಿಕೆಯ ಜನರ ಶ್ರಮ, ಬಿಡುಗಡೆಯ ಗಳಿಗೆಯಲ್ಲಿ ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಮಳಿಗೆಗಳೇ ಸ್ತಬ್ಧವಾದವು. ಆಟ ಆಡುವವರು ಕಡಿಮೆಯಾಗಿಲ್ಲ, ಒಳ್ಳೆಯ ಆಟಕ್ಕೆ ಬೆಲೆಯೂ ಕಡಿಮೆಯಾಗಿಲ್ಲ. ಕುಸಿದಿರುವುದು ಸಾಲದ ದುಡ್ಡಿನಲ್ಲಿ ದೈತ್ಯ ಆಟಗಳನ್ನು ಕಟ್ಟುವ ಲೆಕ್ಕಾಚಾರ.

ಈಗ ನಿಮ್ಮ ಕೋರ್ಸಿನ ವಿಚಾರ. ಕೆಲಸ ಕೊಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ನೀವು ಮಾಡಿ ಮುಗಿಸಿದ ಆಟವನ್ನು. ಗೋಡೋ ಎಂಬ ಗೇಮ್ ಎಂಜಿನ್ನೂ (ಆಟ ಕಟ್ಟಲು ಬಳಸುವ ತಂತ್ರಾಂಶ) ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶವೂ ಸಂಪೂರ್ಣ ಉಚಿತ; ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲೇ ಕಲಿಕೆ ಆರಂಭಿಸಬಹುದು. ಅರ್ಧಂಬರ್ಧ ದೊಡ್ಡ ಆಟಕ್ಕಿಂತ ಪೂರ್ತಿಯಾದ ಎರಡು ಪುಟ್ಟ ಆಟಗಳು ಹೆಚ್ಚು ಬೆಲೆಬಾಳುತ್ತವೆ. ಒಂದೇ ತಂತ್ರಾಂಶಕ್ಕೆ ಜೋತುಬೀಳಬೇಡಿ. ಯೂನಿಟಿ ಎಂಬ ಇನ್ನೊಂದು ಗೇಮ್ ಎಂಜಿನ್ನಿನ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಆಟದ ಪ್ರತಿ ಇನ್‌ಸ್ಟಾಲಿಗೂ ಶುಲ್ಕ ವಿಧಿಸುವುದಾಗಿ ಹೇಳಿ ತಯಾರಕರನ್ನು ಕಂಗಾಲಾಗಿಸಿತು. ಮರುತಿಂಗಳೇ ಅದರ ಮುಖ್ಯಸ್ಥರು ಹುದ್ದೆಯಿಂದ ಇಳಿದರು, ಒಂದು ವರ್ಷದ ನಂತರ ಆ ಶುಲ್ಕವನ್ನೇ ರದ್ದು ಮಾಡಲಾಯಿತು. ಗಣಿತ, ಸಿ++ ಭಾಷೆ, ಗ್ರಾಫಿಕ್ಸಿನ ಮೂಲತತ್ವಗಳು ಗಟ್ಟಿಯಾಗಿದ್ದರೆ ಯಾವ ಎಂಜಿನ್ನಿಗಾದರೂ ಹೊಂದಿಕೊಳ್ಳಬಹುದು, ಗೇಮ್ ಕೆಲಸ ಸಿಗದಿದ್ದರೆ ಬೇರೆ ಸಾಫ್ಟ್‌ವೇರ್ ಕೆಲಸಕ್ಕೂ ಅವು ಬರುತ್ತವೆ. ಡಿಗ್ರಿಯನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ.

ಪ್ರಶ್ನೆ: ಮಾನ್ಯರೇ, ನಾನು ಸಿಂಧನೂರು ಕಡೆಯ ರೈತ. ನನ್ನ ಮಗ ಮೊಬೈಲಿನಲ್ಲಿ ರಮ್ಮಿ ಆಡಿ ಭತ್ತ ಮಾರಿದ ದುಡ್ಡಿನಲ್ಲಿ ದೊಡ್ಡ ಪಾಲು ಕಳೆದಿದ್ದಾನೆ. ಸರ್ಕಾರ ಗೇಮುಗಳನ್ನು ಬಂದ್ ಮಾಡಿದೆ ಎಂದು ಕೇಳಿ ಸಮಾಧಾನವಾಗಿತ್ತು. ಈಗ ಯಾರೋ ಟೆಲಿಗ್ರಾಮಿನಲ್ಲಿ ಬೇರೊಂದು ಆ್ಯಪ್ ಕಳಿಸಿದ್ದಾರೆ. ಅವನ ಮೇಲೆ ಕೇಸಾಗುತ್ತದೆಯೇ? ಕಿರಿಯ ಮಗಳು ಆಡುವ ಕಾರ್ ರೇಸ್ ಆಟವನ್ನೂ ತೆಗೆಸಬೇಕೇ?

ಉತ್ತರ: ಯಜಮಾನರೇ, ನಿಮ್ಮ ಸಂಕಟ ಈ ಭಾಗದ ಅನೇಕ ಮನೆಗಳದ್ದು. ಎರಡು ಬೇರೆ ಬೇರೆ ಸಂಗತಿಗಳಿಗೆ ಗೇಮ್ ಎಂಬ ಒಂದೇ ಹೆಸರು ಬಿದ್ದಿರುವುದರಿಂದ ಗೊಂದಲವಾಗಿದೆ. ಹಣ ಕಟ್ಟಿ, ಗೆದ್ದರೆ ಹೆಚ್ಚು ಹಣ ಬರುತ್ತದೆಂಬ ಆಸೆಯಿಂದ ಆಡುವುದು ಹಣದ ಆಟ; ಮಟ್ಕಾ ಚೀಟಿ, ಇಸ್ಪೀಟಿನ ಕಟ್ಟೆ ಈಗ ಫೋನಿನೊಳಗೆ ಬಂದು ಕೂತಿವೆ ಅಷ್ಟೆ. ನಿಮ್ಮ ಮಗಳು ಆಡುವುದು ವಿಡಿಯೊ ಗೇಮ್.

‘ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ’ಯನ್ನು ಲೋಕಸಭೆ 2025ರ ಆಗಸ್ಟ್ 20ರಂದು, ರಾಜ್ಯಸಭೆ ಮರುದಿನ ಅಂಗೀಕರಿಸಿದವು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಿಂದೆಲ್ಲ ಕಂಪನಿಗಳು ರಮ್ಮಿ ಕೌಶಲದ ಆಟ, ಜೂಜಲ್ಲ ಎಂದು ವಾದಿಸಿ ಗೆಲ್ಲುತ್ತಿದ್ದವು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟ್ ರದ್ದುಪಡಿಸಿತ್ತು. ಹೊಸ ಕಾಯ್ದೆಯು ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟಿ ಹಣ ನಿರೀಕ್ಷಿಸುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ ಎರಡು ವರ್ಷಗಳವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ನಿಮ್ಮ ಮಗನನ್ನು ಕಾಯ್ದೆ ನೊಂದವನೆಂದು ನೋಡುತ್ತದೆ. ನೀವೂ ಹಾಗೆಯೇ ನೋಡಿದರೆ ಅವನು ಬಾಯಿ ಬಿಟ್ಟು ಮಾತಾಡುತ್ತಾನೆ.

ಕಾಯ್ದೆ ಬಂದ ಕೂಡಲೇ ಡ್ರೀಮ್ 11 ಸೇರಿದಂತೆ ದೊಡ್ಡ ಕಂಪನಿಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿನಲ್ಲೂ ಬೇರೆಡೆಯೂ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಈಗ ಟೆಲಿಗ್ರಾಮಿನಲ್ಲಿ ಲಿಂಕ್ ಕಳಿಸುವವರು ಯಾವ ಕಾನೂನಿಗೂ ಸಿಗದಂತೆ ಕದ್ದುಮುಚ್ಚಿ ನಡೆಸುವವರು. ಅಲ್ಲಿ ಗೆದ್ದ ಹಣವೂ ಕೈಗೆ ಬರುವ ಭರವಸೆಯಿಲ್ಲ. ಆ ಆ್ಯಪನ್ನು ಇಂದೇ ತೆಗೆಸಿರಿ. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಫಸಲಿನ ಹಣ ಬೀಳುವ ಖಾತೆಯನ್ನು ಮಗನ ಫೋನಿನ ಯುಪಿಐಗೆ ಜೋಡಿಸದೆ ಪ್ರತ್ಯೇಕ ಇಡಿ. ಆಡುವ ಚಟ ಬಿಡಲಾಗದೆ ಅವನು ಒದ್ದಾಡುತ್ತಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗಳ ಆಟವನ್ನು ತೆಗೆಸಬೇಡಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಟ್ಟರೆ ಸಾಕು.

ಪ್ರಶ್ನೆ: ಜಿಟಿಎ 6 ಯಾವಾಗ ಬರುತ್ತದೆ? ಅದಕ್ಕೆಂದೇ ದುಡ್ಡು ಕೂಡಿಡುತ್ತಿದ್ದೇನೆ. (ಲಿಂಗಸುಗೂರು)

ಉತ್ತರ: ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ಈ ಆಟ 2025ರ ಕೊನೆಯಲ್ಲಿ ಬರಬೇಕಿದ್ದುದು ಮೊದಲು 2026ರ ಮೇ 26ಕ್ಕೆ, ನಂತರ ನವೆಂಬರ್ 19ಕ್ಕೆ ಮುಂದೆ ಹೋಗಿದೆ. ಅದರ ದಿನಾಂಕ ಸರಿದಾಗ ಉಳಿದ ಕಂಪನಿಗಳೂ ತಮ್ಮ ಆಟಗಳ ದಿನಾಂಕಗಳನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಒಂದೇ ಆಟಕ್ಕೆ ಅಷ್ಟು ತೂಕವಿದೆ. ಪ್ರಕಟವಾಗಿರುವ ಆವೃತ್ತಿಗಳು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ, ಕಂಪ್ಯೂಟರಿಗಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡು ದುಡ್ಡು ಕೂಡಿಡಿ.

ಪ್ರಶ್ನೆ: ಸರ್, ಗಂಗಾವತಿಯಲ್ಲಿ ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುವ ಸಣ್ಣ ಅಂಗಡಿ ನನ್ನದು. ಈ ವರ್ಷ ಕಂಪ್ಯೂಟರುಗಳನ್ನು ಬದಲಾಯಿಸೋಣವೆಂದರೆ ರ‍್ಯಾಮ್ ರೇಟು ಕೇಳಿ ತಲೆ ತಿರುಗುತ್ತಿದೆ. ಕಾಯಬೇಕೇ? ಪ್ಲೇಸ್ಟೇಷನ್ನಿಗೆ ಡಿಸ್ಕ್ ಕೊಳ್ಳುವುದು ಒಳ್ಳೆಯದೋ, ಡೌನ್‌ಲೋಡ್ ಒಳ್ಳೆಯದೋ?

ಉತ್ತರ: ರ‍್ಯಾಮ್ ದುಬಾರಿಯಾಗಲು ಗೇಮುಗಳು ಕಾರಣವಲ್ಲ. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು ತಯಾರಿಸುತ್ತವೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಿರುವುದರಿಂದ ಈ ಕಾರ್ಖಾನೆಗಳು ಅತ್ತ ತಿರುಗಿವೆ. ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೊಸ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು. ಆದ್ದರಿಂದ ಎರಡು ಮೂರು ತಿಂಗಳು ಕಾದರೆ ರೇಟು ಇಳಿಯುತ್ತದೆಂಬ ಲೆಕ್ಕ ಹಾಕಬೇಡಿ.

ನಿಮ್ಮ ಅಂಗಡಿಗೆ ಬರುವ ಹುಡುಗರು ಹೆಚ್ಚಾಗಿ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥ ಉಚಿತ ಆಟಗಳನ್ನೇ ಆಡುವುದಾದರೆ ಹಳೆಯ ಯಂತ್ರಗಳೇ ಇನ್ನೂ ಸಾಕು. ಎಲ್ಲವನ್ನೂ ಒಮ್ಮೆಗೇ ಬದಲಾಯಿಸದೆ, ಯಂತ್ರಗಳನ್ನು ಬಿಚ್ಚಿ ಬೇಸಿಗೆಗೆ ಮುಂಚೆ ಧೂಳು ತೆಗೆಸಿ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿಸಿ, ಹಾರ್ಡ್ ಡಿಸ್ಕ್ ಇದ್ದಲ್ಲಿ ಎಸ್‌ಎಸ್‌ಡಿ ಕೂಡಿಸಿ. ನಮ್ಮ ಬಿಸಿಲಿನಲ್ಲಿ ಕಾದ ಯಂತ್ರ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅನೇಕರು ಅದನ್ನು ರ‍್ಯಾಮಿನ ಕೊರತೆ ಎಂದೇ ಭಾವಿಸುತ್ತಾರೆ.

ಆಟಗಳ ವಿಚಾರದಲ್ಲಿ, ಸಿಗುವಲ್ಲಿ ಡಿಸ್ಕನ್ನೇ ಕೊಳ್ಳಿ. ಅದನ್ನು ಮತ್ತೆ ಮಾರಬಹುದು. ಡೌನ್‌ಲೋಡ್ ಮಾಡಿದ ಆಟ ಆಡಲು ಸಿಕ್ಕ ಅನುಮತಿ ಮಾತ್ರ. ಸರ್ವರ್ ಬೇಕಾದ ಆಟಗಳಿಗಾದರೆ ಡಿಸ್ಕ್ ಕೂಡ ರಕ್ಷಣೆಯಲ್ಲ: ಯೂಬಿಸಾಫ್ಟಿನ ‘ದಿ ಕ್ರ್ಯೂ’ ಎಂಬ ಕಾರ್ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರೆಲ್ಲರ ಆಟವೂ ನಿಂತುಹೋಯಿತು. ಇದನ್ನು ವಿರೋಧಿಸಿ ಆರಂಭವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊಂಡವನ ಹಕ್ಕಿಗಾಗಿ ನಡೆದ ಆ ಹೋರಾಟ ನ್ಯಾಯವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ವಿದ್ಯಾರ್ಥಿನಿ. ಎಐ ಬಂದ ಮೇಲೆ ಗೇಮುಗಳಿಗೆ ಚಿತ್ರ ಬರೆಯುವವರೇ ಬೇಡವೆನ್ನುತ್ತಾರೆ. ನಾನು ಬೇರೆ ದಾರಿ ನೋಡಿಕೊಳ್ಳಲೇ?

ಉತ್ತರ: ಭಯಕ್ಕೆ ಕಾರಣವಿದೆ, ಅದನ್ನು ಮುಚ್ಚಿಡುವುದಿಲ್ಲ. ಹಿನ್ನೆಲೆಯ ಕಲ್ಲು, ಗೋಡೆ, ಪೀಪಾಯಿಗಳಂಥ ಚಿಲ್ಲರೆ ಚಿತ್ರಗಳ ಕೆಲಸ ಕಡಿಮೆಯಾಗುತ್ತದೆ, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದುದು ಅಂಥ ಕೆಲಸದಲ್ಲೇ ಎಂಬುದೇ ನೋವಿನ ಸಂಗತಿ. ಆದರೆ ಈ ವಿಷಯದಲ್ಲಿ ಉದ್ಯಮ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಅಮೆರಿಕದಲ್ಲಿ ಗೇಮುಗಳಿಗೆ ಕಂಠದಾನ, ಅಭಿನಯ ಮಾಡುವ ಕಲಾವಿದರು 2024ರ ಜುಲೈನಿಂದ ಸುಮಾರು ಒಂದು ವರ್ಷ ಮುಷ್ಕರ ಹೂಡಿ, ತಮ್ಮ ದನಿ ಮತ್ತು ರೂಪದ ಎಐ ನಕಲಿಗೆ ಒಪ್ಪಿಗೆ ಕಡ್ಡಾಯವೆಂಬ ರಕ್ಷಣೆಯನ್ನು 2025ರಲ್ಲಿ ಪಡೆದರು. ಮೇಲೆ ಹೇಳಿದ ‘ಎಕ್ಸ್‌ಪೆಡಿಷನ್ 33’ ಆಟದ ತಯಾರಿಕೆಯಲ್ಲಿ ಎಐ ಚಿತ್ರಗಳ ಬಳಕೆಯಾಗಿತ್ತೆಂಬ ಕಾರಣಕ್ಕೆ, ‘ಇಂಡಿ ಗೇಮ್ ಅವಾರ್ಡ್ಸ್’ ಸಂಸ್ಥೆಯು ಡಿಸೆಂಬರಿನಲ್ಲಿ ತಾನು ಕೊಟ್ಟಿದ್ದ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡಿತು. ಕಲಿಕೆ ಬಿಡಬೇಡಿ. ದೇಹರಚನೆ, ಬೆಳಕು, ಚಲನೆ ಇವುಗಳನ್ನು ಕೈಯಿಂದಲೇ ರೂಢಿಸಿಕೊಳ್ಳಿ. ಪ್ರತಿ ಚಿತ್ರದ ಕರಡುಗಳನ್ನೂ ಜೋಪಾನವಾಗಿಡಿ. ಚಿತ್ರ ನಿಮ್ಮದೇ ಎಂದು ತೋರಿಸಲು ಅವೇ ಸಾಕ್ಷಿ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯ ಶಿಕ್ಷಕ. ದೊಡ್ಡ ಕಂಪನಿಗಳ ಗೊಂದಲದ ನಡುವೆ ಸಣ್ಣ ತಂಡಗಳು ಗೆಲ್ಲುತ್ತಿವೆ ಎಂದಾದರೆ, ನಮ್ಮ ಊರಿನ ಇತಿಹಾಸವನ್ನಿಟ್ಟುಕೊಂಡು ಮಕ್ಕಳಿಗಾಗಿ ಕನ್ನಡದಲ್ಲೇ ಒಂದು ಆಟ ಮಾಡಲು ಸಾಧ್ಯವೇ? ಹಳೆಯ ವಿದ್ಯಾರ್ಥಿಗಳಿಬ್ಬರು ಮುಂದೆ ಬಂದಿದ್ದಾರೆ.

ಉತ್ತರ: ಮೇಷ್ಟ್ರೇ, ಈ ಸಲ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿಮ್ಮದು. ಸಾಧ್ಯವಿದೆ, ಸಾಮಗ್ರಿಗಂತೂ ನಮ್ಮಲ್ಲಿ ಬರವಿಲ್ಲ. ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟದ ಮೇಲೆ ನೂರಾರು ಶಿಲಾಸಮಾಧಿಗಳು ನಿಂತಿವೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟದಲ್ಲಿ ತಟ್ಟಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಅವುಗಳ ನಾದವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಸರಿಯಾದ ಕ್ರಮದಲ್ಲಿ ತಟ್ಟಿದರೆ ಬಾಗಿಲು ತೆರೆಯುವ ಒಗಟನ್ನು ಕಟ್ಟಿದರೆ ಅದೇ ಒಂದು ಆಟವಾಗುತ್ತದೆ. ಆಟ ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ಚಿಕ್ಕದಿರಲಿ. ಕಿನ್ನಾಳದ ಬೊಂಬೆಗಳ ರೂಪವನ್ನು ಪಾತ್ರಗಳಿಗೆ ಬಳಸುವ ಮನಸ್ಸಿದ್ದರೆ ಮೊದಲು ಅಲ್ಲಿನ ಕುಶಲಕರ್ಮಿಗಳ ಬಳಿ ಹೋಗಿ ಒಪ್ಪಿಗೆ ಕೇಳಿ, ಸಂಭಾವನೆ ಕೊಡಿ, ಆಟದಲ್ಲಿ ಅವರ ಹೆಸರು ಹಾಕಿ. ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ತುಂಬುವ ಆ ಕೆಲಸ ಅವರ ಮನೆತನಗಳ ಜೀವನೋಪಾಯ.

ನಿಮ್ಮ ಹುಡುಗರು ಎಡವುವುದು ಅಕ್ಷರಗಳಲ್ಲಿ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನೊಳಗೆ ಅದು ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಈ ಆರನ್ನೂ ಕೂಡಿಸಿ ಒತ್ತುಗಳನ್ನು ತಕ್ಕ ಜಾಗದಲ್ಲಿ ಕೂರಿಸುವ ಕೆಲಸ ಎಂಜಿನ್ನಿನೊಳಗಿನ ಒಂದು ಪ್ರತ್ಯೇಕ ಭಾಗದ್ದು. ಅದಿಲ್ಲದ ಕಡೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತವೆ. ಯೂನಿಟಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಕ್ಷರ ವ್ಯವಸ್ಥೆಯಲ್ಲಿ ಈ ತೊಂದರೆ ಬಹುಕಾಲದಿಂದ ಇದೆ. 2023ರ ಮಾರ್ಚಿನಲ್ಲಿ ಬಂದ ಗೋಡೋ 4ರಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಸೇರಿರುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಉಚಿತ ಅಕ್ಷರ ವಿನ್ಯಾಸಗಳನ್ನು ಧಾರಾಳವಾಗಿ ಬಳಸಬಹುದು.

ಮೊದಲ ದಿನವೇ ‘ಸ್ತ್ರೀ, ಸೂರ್ಯ, ಲಕ್ಷ್ಮೀ, ರಾಷ್ಟ್ರ, ಕೈ’ ಎಂಬ ಪದಗಳನ್ನು ಒಂದು ಬಟನ್ ಮೇಲೆ ಬರೆಸಿ, ಅಗ್ಗದ ಫೋನೊಂದರಲ್ಲಿ ತೆರೆದು ನೋಡಿ. ಇಂಗ್ಲಿಷಿಗೆಂದು ಅಳೆದ ಬಟನ್ನಿನಲ್ಲಿ ಕೆಳಗೆ ಇಳಿಯುವ ಒತ್ತುಗಳ ತುದಿ ಕತ್ತರಿಸಿಹೋಗುತ್ತದೆ. ಆದ್ದರಿಂದ ಸಾಲುಗಳ ನಡುವಿನ ಅಂತರವನ್ನು ಆರಂಭದಲ್ಲೇ ಹೆಚ್ಚಿಸಿಕೊಳ್ಳಬೇಕು. ಸಂಭಾಷಣೆಗಳನ್ನೆಲ್ಲ ಪ್ರೋಗ್ರಾಮಿನೊಳಗೆ ಬರೆಯದೆ ಬೇರೊಂದು ಕಡತದಲ್ಲಿಟ್ಟರೆ ನೀವೇ ಕಾಗುಣಿತ ತಿದ್ದಬಹುದು, ಮುಂದೆ ತೆಲುಗು, ಉರ್ದು ಆವೃತ್ತಿಗಳೂ ಸುಲಭವಾಗುತ್ತವೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದು ನಮ್ಮ ರಾಜ್ಯ ಸರ್ಕಾರದ 2024–29ರ ನೀತಿಯೊಂದಿದೆ. ಅದರಡಿ ಜಿಲ್ಲೆಯ ತಂಡಗಳಿಗೆ ಏನು ಸಿಗುತ್ತದೆಂದು ಸಮೀಪದ ಎಂಜಿನಿಯರಿಂಗ್ ಕಾಲೇಜಿನ ಮೂಲಕ ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಗೋಡೋದಲ್ಲಿ ಮಾಡಿದ ಆಟವನ್ನು ಶಾಲೆಯ ವಿಂಡೋಸ್ ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಹೊರತೆಗೆಯಬಹುದು. ಇಚ್ ಡಾಟ್ ಐಒ ತಾಣದಲ್ಲಿ ಉಚಿತವಾಗಿ ಪ್ರಕಟಿಸಬಹುದು. ಪ್ಲೇ ಸ್ಟೋರಿಗೆ ಒಂದೇ ಬಾರಿ 25 ಡಾಲರ್ ಕಟ್ಟಬೇಕಾಗುತ್ತದೆ. ಮೊದಲ ಒಗಟು ಸಿದ್ಧವಾದ ಕೂಡಲೇ ಎಂಟನೇ ತರಗತಿಯ ಮಕ್ಕಳ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ನಿಂತು ನೋಡಿ, ಅವರು ಎಲ್ಲಿ ತಡವರಿಸುತ್ತಾರೋ ಅದನ್ನು ಮೊದಲು ತಿದ್ದಿಸಿ.